ಟರ್ನರ್ ಸಿಂಡ್ರೋಮ್: ಎಳೆಗೂಸಿನ ಎಫ್‌ಎಸ್‌ಎಚ್ ಅಷ್ಟು ಜಾಸ್ತಿ ಯಾಕೆ?

ಆಗಷ್ಟೇ ಹುಟ್ಟಿದ ಹೆಣ್ಣುಮಗು. ಪಾದಗಳು ಬಾತುಕೊಂಡಿವೆ, ಪುಟ್ಟ ಉಗುರುಗಳು ಊತದೊಳಗೆ ಹೂತಂತಿವೆ. ಕತ್ತಿನ ಹಿಂದೆ ಚರ್ಮ ಜೋಲುತ್ತಿದೆ. ಡಾಕ್ಟರು ಕ್ರೋಮೋಸೋಮ್ ಪರೀಕ್ಷೆ ಬರೆಯುತ್ತಾರೆ. ಎರಡು ಎಕ್ಸ್ ಇರಬೇಕಾದಲ್ಲಿ ಒಂದೇ ಇದೆ ಎಂದು ವರದಿ ಬಂದರೆ ಅದು ಟರ್ನರ್ ಸಿಂಡ್ರೋಮ್. ಸುಮಾರು 2,000ದಿಂದ 2,500 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಇದು ಇರುತ್ತದೆ. ಮುಂದೆ ಎಫ್‌ಎಸ್‌ಎಚ್ (ಅಂಡಾಶಯವನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ಪರೀಕ್ಷೆಯ ಮಾತು ಬಂದಾಗ ಅಪ್ಪ ಅಮ್ಮ ಗಾಬರಿಯಾಗುತ್ತಾರೆ. ಇಷ್ಟು ಚಿಕ್ಕ ಕೂಸಿಗೆ ಅದೆಲ್ಲ ಯಾಕೆ?

ಇದು ಅರ್ಥವಾಗಲು ಬಹಳ ಕಾಲ ಹಿಡಿಯಿತು. 1938ರಲ್ಲಿ ಅಮೆರಿಕದ ಹೆನ್ರಿ ಟರ್ನರ್ ಕುಳ್ಳಗಿದ್ದ, ಪ್ರಾಯದ ಬೆಳವಣಿಗೆ ಆಗದ ಏಳು ಮಂದಿಯ ಬಗ್ಗೆ ಬರೆದರು. ತಪ್ಪು ಮಿದುಳಿನ ಬುಡದಲ್ಲಿರುವ, ಎಫ್‌ಎಸ್‌ಎಚ್ ಕಳಿಸುವ ಪಿಟ್ಯುಟರಿ ಗ್ರಂಥಿಯದ್ದು ಎಂಬುದು ಅವರ ಅನುಮಾನ. 1942ರಲ್ಲಿ ಫುಲ್ಲರ್ ಆಲ್‌ಬ್ರೈಟ್ ಮತ್ತು ಜೊತೆಗಾರರು ಮೂತ್ರ ಪರೀಕ್ಷಿಸಿದಾಗ ಚಿತ್ರ ತಿರುಗಿತು. ಅದರಲ್ಲಿ ಎಫ್‌ಎಸ್‌ಎಚ್ ವಿಪರೀತ ಇತ್ತು. ಪಿಟ್ಯುಟರಿ ಬಾಗಿಲು ಬಡಿಯುತ್ತಲೇ ಇತ್ತು, ಅಂಡಾಶಯವೇ ಓಗೊಡುತ್ತಿರಲಿಲ್ಲ. 1959ರಲ್ಲಿ ಬ್ರಿಟನ್ನಿನ ಚಾರ್ಲ್ಸ್ ಫೋರ್ಡ್ ತಂಡ ಕಾಣೆಯಾದ ಎಕ್ಸ್ ಅನ್ನು ತೋರಿಸಿತು.

ಹಾಗಾದರೆ ಅಂಡಾಶಯ ಬೆಳೆಯುವುದೇ ಇಲ್ಲವಾ? ಹಾಗಲ್ಲ. ಒಂದೇ ಎಕ್ಸ್ ಇದ್ದ ಭ್ರೂಣಗಳನ್ನು ಸಿಂಗ್ ಮತ್ತು ಕಾರ್ 1966ರಲ್ಲಿ ಪರಿಶೀಲಿಸಿದರು. ಸುಮಾರು ಮೂರನೇ ತಿಂಗಳವರೆಗೆ ಅಂಡಾಣುವಿನ ಮೂಲ ಕೋಶಗಳು ಮಾಮೂಲಿಯಂತೆಯೇ ಇದ್ದವು. ಆಮೇಲೆ ಬೇಗ ಬೇಗ ನಶಿಸುತ್ತಿದ್ದವು.

ನನಗೆ ಇಡೀ ಕಥೆಯಲ್ಲಿ ಮುಖ್ಯ ಅನ್ನಿಸುವುದು 1975ರ ಕೆಲಸ. ಕಾಂಟೆ, ಗ್ರಂಬಾಕ್ ಮತ್ತು ಕಪ್ಲಾನ್ ಟರ್ನರ್ ಇರುವ ಬೇರೆ ಬೇರೆ ವಯಸ್ಸಿನ ಮಕ್ಕಳ ರಕ್ತ ನೋಡಿದರು. ಎಳೆಗೂಸುಗಳಲ್ಲಿ ಎಫ್‌ಎಸ್‌ಎಚ್ ತುಂಬಾ ಜಾಸ್ತಿ. ಐದು ವರ್ಷದ ಹೊತ್ತಿಗೆ ಇಳಿಯುತ್ತದೆ. ಹತ್ತರ ನಂತರ ಮತ್ತೆ ಏರುತ್ತದೆ. ಅಂಡಾಶಯ ಕೆಲಸ ಮಾಡದಿದ್ದರೂ ನಡುವಿನ ವರ್ಷಗಳಲ್ಲಿ ಮಿದುಳೇ ತಡೆ ಹಾಕುತ್ತದೆ ಎಂದಾಯಿತು.

ಮೊದಲ ಏರಿಕೆಗೆ ಈಗ ಮಿನಿ ಪ್ಯೂಬರ್ಟಿ (ಕಿರು ಪ್ರಾಯ) ಎನ್ನುತ್ತಾರೆ. ಇದು ಎಲ್ಲ ಮಕ್ಕಳಲ್ಲೂ ಆಗುತ್ತದೆ. ಹೆರಿಗೆಯ ನಂತರ ಮಾಸಿನಿಂದ ಬರುತ್ತಿದ್ದ ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ನಿಲ್ಲುತ್ತದೆ, ಪಿಟ್ಯುಟರಿ ಎಚ್ಚರಗೊಳ್ಳುತ್ತದೆ. ಉಳಿದ ಹೆಣ್ಣುಮಕ್ಕಳಲ್ಲಿ ಅಂಡಾಶಯ ಈಸ್ಟ್ರೋಜನ್, ಇನ್ಹಿಬಿನ್ ಎಂಬ ಹಾರ್ಮೋನ್‌ಗಳನ್ನು ಸುರಿಸಿ ಅದನ್ನು ಹದದಲ್ಲಿಡುತ್ತದೆ. ಟರ್ನರ್ ಇದ್ದವರಲ್ಲಿ ಆ ಹಿಡಿತ ತಪ್ಪುತ್ತದೆ. ಅದಕ್ಕೇ ಆರೇಳು ವರ್ಷದ ಹುಡುಗಿಯ ಎಫ್‌ಎಸ್‌ಎಚ್ ಸರಿಯಿದೆ ಅಂತ ಸುಮ್ನೆ ನೆಮ್ಮದಿ ಪಡುವಂತಿಲ್ಲ.

ಈಚೆಗೆ ಎಎಂಎಚ್ ಎಂಬ ಇನ್ನೊಂದು ಹಾರ್ಮೋನ್ ಕೂಡ ನೋಡುತ್ತಾರೆ. ಇದು ಅಂಡಾಶಯದಲ್ಲಿ ಅಂಡಾಣುಗಳನ್ನು ಹೊತ್ತ ಸಣ್ಣ ಚೀಲಗಳಿಂದ ಬರುತ್ತದೆ. ಆದರೆ ಹುಟ್ಟಿದ ಹೊಸತರಲ್ಲಿ ಯಾವ ಹೆಣ್ಣುಮಗುವಿನಲ್ಲೂ ಇದು ಕಡಿಮೆಯೇ. ಮೊದಲ ತಿಂಗಳುಗಳಲ್ಲಿ ಏರುತ್ತದೆ. ಆದ್ದರಿಂದ ಒಂದೇ ಸಂಖ್ಯೆ ನೋಡಿ ಮಗಳ ಇಡೀ ಬದುಕನ್ನು ತೀರ್ಮಾನಿಸಬೇಡಿ. ಕೆಲವು ಕೋಶಗಳಲ್ಲಿ ಎರಡೂ ಎಕ್ಸ್ ಇರುವ ಮೊಸಾಯಿಕ್ ಹುಡುಗಿಯರಲ್ಲಿ ಹಲವರು ತಾವಾಗಿಯೇ ಮೈನೆರೆಯುತ್ತಾರೆ. ಆಗದವರಿಗೆ ಸಾಮಾನ್ಯವಾಗಿ 11-12ರ ವಯಸ್ಸಿಗೆ ಈಸ್ಟ್ರೋಜನ್ ಶುರುಮಾಡುತ್ತಾರೆ. ಅದಕ್ಕೆ ಇನ್ನೂ ಸಮಯವಿದೆ. ಹೃದಯದ ಎಕೋ ಮತ್ತು ಕಿಡ್ನಿ ಸ್ಕ್ಯಾನ್ ಮಾತ್ರ ಈಗಲೇ ಆಗಬೇಕು.