ಗಡಿ ದಾಟಿಸಿ ಬರುವ ಕಯೋಟಿ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಅಕ್ಕನ ಮಗಳು ಮೇ ತಿಂಗಳಲ್ಲೊಂದು ದಿನ ಗಾಬರಿಯಿಂದ ಫೋನ್ ಮಾಡಿದಳು. "ಚಿಕ್ಕಮ್ಮ, ಕಯೋಟಿ ನಮ್ಮನ್ನ ಅಟ್ಟಿಸ್ಕೊಂಡು ಬಂತು!" ಕಯೋಟಿ ಅಂದರೆ ಅಮೆರಿಕದ ಒಂದು ಕಾಡುಪ್ರಾಣಿ, ನಾಯಿ-ತೋಳಗಳ ಬಳಗದ್ದು. ಇವಳು ನಾಯಿ ಕರೆದುಕೊಂಡು ಆ ಊರಿನ ಪ್ರೆಸಿಡಿಯೋ ಪಾರ್ಕಿಗೆ ಹೋಗಿದ್ದಳಂತೆ.

ಓಡಿ ಬಂತಾ, ನಡೆದು ಬಂತಾ ಎಂದು ಕೇಳಿದೆ. ನಡೆದೇ ಬಂತಂತೆ. ಇವರು ನಿಂತರೆ ಅದೂ ನಿಲ್ಲುತ್ತಿತ್ತಂತೆ. ಪೊದೆ ಮುಗಿದು ಟಾರು ರಸ್ತೆ ಬಂದದ್ದೇ ತಡ, ತಿರುಗಿ ಹೋಯಿತಂತೆ.

ಬೇಟೆಗೆ ಹೊರಟ ಪ್ರಾಣಿ ಹೀಗೆ ಮೈ ತೋರಿಸಿಕೊಂಡು ಬರುತ್ತಾ? ಹತ್ತಿರದಲ್ಲೆಲ್ಲೋ ಮರಿಗಳಿದ್ದವು, ಅಷ್ಟೇ. ನಮ್ಮ ನರಿಗಿಂತ ಕೊಂಚ ದೊಡ್ಡದು, ತೋಳಕ್ಕಿಂತ ಚಿಕ್ಕದು ಈ ಕಯೋಟಿ. ಜನವರಿ-ಫೆಬ್ರವರಿಯಲ್ಲಿ ಜೋಡಿ ಕೂಡುತ್ತದೆ, ಸುಮಾರು 63 ದಿನಕ್ಕೆ ಮರಿ. ವರ್ಷದ ಉಳಿದ ದಿನಗಳಲ್ಲಿ ಬಯಲಲ್ಲೇ ಮಲಗುವ ಪ್ರಾಣಿಗೆ ಬಿಲ ಬೇಕಾಗುವುದು ಈಗ ಮಾತ್ರ. ಬೇರೆ ಕಾಲದಲ್ಲಾದರೆ ಮನುಷ್ಯರನ್ನು ಕಂಡರೆ ತಾನೇ ಜಾಗ ಬಿಟ್ಟು ಹೋಗುತ್ತದೆ. ಕಣ್ಣು ಬಿಡದ ಮರಿಗಳನ್ನು ಬಿಟ್ಟು ಎಲ್ಲಿಗೆ ಹೋಗುವುದು? ಹಾಗಾಗಿ ನಿಮ್ಮನ್ನೇ ಕಳಿಸಿ ಬರುತ್ತದೆ.

ಇದರಲ್ಲಿ ವಿಚಿತ್ರ ಏನೂ ಇಲ್ಲ. ಕರು ಹಾಕಿದ ಹಸು ಹಾಯಲು ಬರುತ್ತದೆ. ನಿನ್ನೆವರೆಗೆ ಕೈಯಿಂದ ಬಿಸ್ಕತ್ತು ತಿಂದ ಬೀದಿ ನಾಯಿ, ಮೋರಿ ಪಕ್ಕ ಮರಿ ಹಾಕಿದ ಮೇಲೆ ಗುರ್ ಎನ್ನುತ್ತಾ ಬೀದಿ ತುದಿವರೆಗೆ ಬರುತ್ತದೆ. ಇನ್ನು ಕಾಗೆ! ಬೇಸಿಗೆಯಲ್ಲಿ ತಲೆಗೆ ಕುಕ್ಕಿದರೆ ಶನಿ ಕಾಟ ಅಂತ ಎಳ್ಳೆಣ್ಣೆ ದೀಪ ಹಚ್ಚಲು ಓಡುವವರನ್ನು ನಾನೇ ನೋಡಿದ್ದೇನೆ. ಸ್ವಲ್ಪ ತಲೆ ಎತ್ತಿ ಮರ ನೋಡಿದ್ದರೆ ಗೂಡು ಕಾಣುತ್ತಿತ್ತು.

ಅಕ್ಕನ ಮಗಳಿಗೆ ಒಂದು ಮಾತು ಬೇಜಾರಾಯಿತು. ಕಯೋಟಿಯ ಗಮನ ಅವಳ ಮೇಲೆ ಇರಲೇ ಇಲ್ಲ, ಇದ್ದದ್ದು ನಾಯಿಯ ಮೇಲೆ. ಕಯೋಟಿಗೆ ನಾಯಿ ಎಂದರೆ ಜಮೀನಿಗೆ ಕಾಲಿಟ್ಟ ದಾಯಾದಿ. ಲಕ್ಷಾಂತರ ವರ್ಷ ತೋಳಗಳ ಕೈಲಿ ಪೆಟ್ಟು ತಿಂದ ಕುಲ ಅದು. ಆಮೇಲೆ ಮನುಷ್ಯರು ಹೆಚ್ಚಿನ ಕಡೆ ತೋಳಗಳನ್ನು ಮುಗಿಸಿದರು. ಇದಕ್ಕೂ ವಿಷ ಇಟ್ಟರು, ಬೋನು ಒಡ್ಡಿದರು. ಇದು ಮಾತ್ರ ಪಶ್ಚಿಮದ ಬಯಲಿಂದ ಅಟ್ಲಾಂಟಿಕ್ ತೀರದವರೆಗೆ ಹರಡಿಕೊಂಡಿತು. 2007ರ ಏಪ್ರಿಲ್‌ನಲ್ಲಿ ಒಂದು ಕಯೋಟಿ ಷಿಕಾಗೋ ನಗರದ ನಡುಮಧ್ಯೆ ಸ್ಯಾಂಡ್‌ವಿಚ್ ಅಂಗಡಿಗೆ ನುಗ್ಗಿ, ಕೂಲ್‌ಡ್ರಿಂಕ್ಸ್ ಇಡುವ ಫ್ರಿಜ್ಜಿನಲ್ಲಿ ಹಾಯಾಗಿ ಮಲಗಿಬಿಟ್ಟಿತ್ತು. ಅದೇ ಷಿಕಾಗೋದಲ್ಲಿ 2000ದಿಂದ ಕಯೋಟಿಗಳ ಬೆನ್ನು ಹತ್ತಿರುವ ವನ್ಯಜೀವಿ ವಿಜ್ಞಾನಿ ಸ್ಟಾನ್ಲಿ ಗೆರ್ಟ್ ಅವರ ತಂಡ ಮರಿಗಳ ಡಿಎನ್‌ಎ ಪರೀಕ್ಷಿಸಿತು. ಜೋಡಿಗಳು ನಿಯತ್ತಿನಿಂದ ಇರುವುದು ಗೊತ್ತಾಯಿತು. ಅಪ್ಪನೂ ಮರಿಗಳಿಗೆ ಊಟ ತರುತ್ತಾನೆ, ಕಾವಲು ನಿಲ್ಲುತ್ತಾನೆ. ಇವಳನ್ನು ರಸ್ತೆವರೆಗೆ ಬಿಟ್ಟು ಹೋದದ್ದು ಅವನೇ ಇರಬಹುದು.

ಹಾಗಂತ ಸದರ ಬೇಡ. ಕಯೋಟಿ ಮನುಷ್ಯರನ್ನು ಕೊಂದದ್ದು ದಾಖಲಾಗಿರುವುದು ಎರಡೇ ಸಲ, 1981ರಲ್ಲಿ ಮತ್ತು 2009ರಲ್ಲಿ. ಆದರೆ ಚಿಕ್ಕ ನಾಯಿಗಳಿಗೆ ಅಪಾಯ ಇದ್ದೇ ಇದೆ. ಸಾಮಾನ್ಯವಾಗಿ ಕಯೋಟಿ ಹತ್ತಿರ ಬಂದರೆ ಕೈ ಬೀಸಿ ಕೂಗಾಡಿ ಓಡಿಸಿ ಅನ್ನುತ್ತಾರೆ. ಬಿಲದ ಹತ್ತಿರ ಆ ಉಪಾಯ ನಡೆಯುವುದಿಲ್ಲ. ನೀವು ಎಷ್ಟು ಕೂಗಿದರೂ ಮರಿ ಬಿಟ್ಟು ಅದು ಹೋಗುವುದಿಲ್ಲ, ಸುಮ್ನೆ ಜಗಳ ಜಾಸ್ತಿಯಾಗುತ್ತದೆ. ಚಿಕ್ಕ ನಾಯಿಯಾದರೆ ಎತ್ತಿಕೊಳ್ಳಿ. ಓಡಬೇಡಿ. ಕಯೋಟಿಯ ಮೇಲೆ ಒಂದು ಕಣ್ಣಿಟ್ಟು, ಬಂದ ದಾರಿಯಲ್ಲೇ ನಿಧಾನವಾಗಿ ವಾಪಸ್ ಹೋಗಿ.

ಪ್ರೆಸಿಡಿಯೋದಲ್ಲಿ ಈ ಕಾಲಕ್ಕೆ ಕೆಲವು ಕಾಲುದಾರಿಗಳಿಗೆ ನಾಯಿ ತರುವಂತಿಲ್ಲ.

"ಅಲ್ಲಿ ಬೋರ್ಡ್ ಇರ್ಲಿಲ್ವಾ?" ಅಂದೆ.

ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. "ಇತ್ತು ಚಿಕ್ಕಮ್ಮ. ಲೀಶ್ ಹಾಕಿದ್ನಲ್ಲ, ಪರವಾಗಿಲ್ಲ ಅಂದ್ಕೊಂಡೆ."