ಪದ ಪರಿಚಯ: ಕಾನ್ಫರೆನ್ಸ್ ಬಲ

‘ಪಶ್ಚಿಮ ಸಮ್ಮೇಳನದಲ್ಲಿ ಥಂಡರ್‌ಗೆ ಅಗ್ರಸ್ಥಾನ.’ ಇಂಥ ವಾಕ್ಯ ಕಣ್ಣಿಗೆ ಬಿದ್ದಾಗಲೆಲ್ಲ ಅಧ್ಯಕ್ಷರ ಮೆರವಣಿಗೆ, ಪುಸ್ತಕ ಮಳಿಗೆ, ಊಟದ ಕೌಂಟರಿನ ಮುಂದಿನ ನೂಕುನುಗ್ಗಲು ನೆನಪಾಗುತ್ತವೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ತಂಡಗಳು ಪೂರ್ವ, ಪಶ್ಚಿಮ ಎಂಬ ಎರಡು ಕಾನ್ಫರೆನ್ಸ್‌ಗಳಲ್ಲಿ ಹಂಚಿಹೋಗಿವೆ. ಹದಿನೈದು ತಂಡಗಳ ಅಂಥ ಪಂಗಡಕ್ಕೆ ಸಮ್ಮೇಳನ ಎಂದು ಬರೆದವರು ಅದೊಂದು ಸಭೆಯೇ ಎಂದು ನಂಬಿರಲಾರರು. ನಿಘಂಟು ಕೊಟ್ಟದ್ದನ್ನು ಅಂಟಿಸಿದ್ದಾರೆ, ಅಷ್ಟೇ. ಪದ ಮಸುಕಾದರೆ ಅದರ ಮೇಲೆ ಕಟ್ಟಿದ ವಾದವೂ ಮಸುಕು. ‘ಕಾನ್ಫರೆನ್ಸ್ ಬಲ’ಕ್ಕೆ ಆಗಿರುವುದು ಅದೇ.

ತಮಾಷೆಯೆಂದರೆ, ಮೂಲದಲ್ಲಿ ಅದು ಸಭೆಯೇ. ಅಮೆರಿಕದ ಕಾಲೇಜು ಕ್ರೀಡೆ ಹದ್ದುಮೀರಿದ್ದ ಕಾಲದಲ್ಲಿ, 1895ರ ಜನವರಿಯಲ್ಲಿ, ಏಳು ವಿಶ್ವವಿದ್ಯಾಲಯಗಳ ಅಧ್ಯಕ್ಷರು ಶಿಕಾಗೋದಲ್ಲಿ ಸೇರಿದರು. ನಿಜವಾಗಿ ಓದುತ್ತಿರುವವರಿಗಷ್ಟೇ ಆಡಲು ಅವಕಾಶ ಎಂಬಂಥ ನಿಯಮಗಳು ಅಲ್ಲಿ ಮೊಳೆತವು. ಮರುವರ್ಷ ಹುಟ್ಟಿದ ಸಂಘಟನೆಯ ಹೆಸರಿನಲ್ಲೇ ‘ಅಧ್ಯಾಪಕ ಪ್ರತಿನಿಧಿಗಳ ಕಾನ್ಫರೆನ್ಸ್’ ಎಂದಿತ್ತು. ಇಂದು ಬಿಗ್ ಟೆನ್ ಎನ್ನುವುದು ಅದನ್ನೇ. ಆಗ ಜನ ಕರೆಯುತ್ತಿದ್ದುದು ವೆಸ್ಟರ್ನ್ ಕಾನ್ಫರೆನ್ಸ್ ಎಂದು! ಸಭೆಯಲ್ಲಿ ಕೂತವರು ಅಧ್ಯಾಪಕರು, ಹೆಸರು ಉಳಿದದ್ದು ಮೈದಾನದಲ್ಲಿ ಆಡಿದ ತಂಡಗಳಿಗೆ. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ 1950ರಲ್ಲಿ ಆ ಪದವನ್ನು ಎತ್ತಿಕೊಂಡಿತು. ಎನ್‌ಬಿಎಯಲ್ಲಿ ಬರೀ ಡಿವಿಜನ್‌ಗಳಿದ್ದವು. 1970-71ರಲ್ಲಿ ತಂಡಗಳ ಸಂಖ್ಯೆ 17ಕ್ಕೆ ಏರಿದಾಗ ಅಲ್ಲಿಗೂ ಕಾನ್ಫರೆನ್ಸ್ ಬಂತು. ಅಷ್ಟು ಹೊತ್ತಿಗೆ ಪದದೊಳಗೆ ಸಭೆಯ ವಾಸನೆಯೂ ಉಳಿದಿರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ನಿನ ‘ಕಾನ್‌ಫೆರ್ರೆ’, ಒಟ್ಟಿಗೆ ತರುವುದು. ಆ ‘ಫೆರ್ರೆ’ ಸಂಸ್ಕೃತದ ‘ಭೃ’ ಧಾತುವಿನ ದಾಯಾದಿ; ನಮ್ಮ ಭಾರ, ಭರಿಸು ಬಂದದ್ದು ಅಲ್ಲಿಂದ. ಒಟ್ಟಿಗೆ ತಂದದ್ದು ಎಂಬ ಅರ್ಥಕ್ಕೆ ಸಂಸ್ಕೃತದಲ್ಲಿ ಸಿದ್ಧವಾಗಿರುವ ಪದ ಸಂಭಾರ, ನಮ್ಮ ಸಾಂಬಾರ ಪದಾರ್ಥದ ಮೂಲ. ಪದಕ್ಕೆ ಪದ ಇಡಲೇಬೇಕೆಂದು ಹಟ ಹಿಡಿದವರು ‘ಪಶ್ಚಿಮ ಸಾಂಬಾರ’ ಎಂದು ಬರೆಯಲಿ, ಕೊನೇಪಕ್ಷ ರುಚಿಯಾಗಿರುತ್ತದೆ. ವಿಭಾಗ ಎನ್ನೋಣವೆಂದರೆ ಒಳಗಿನ ಡಿವಿಜನ್‌ಗೆ ಆ ಪದ ಬೇಕು. ಬಣ ಎಂದರೆ ರಾಜಕೀಯ ಪಕ್ಷ ಒಡೆದಂತೆ ಕೇಳುತ್ತದೆ. ಕಾನ್ಫರೆನ್ಸ್ ಎಂದೇ ಇರಲಿ.

ಈಗ ‘ಬಲ’. ಇಲ್ಲಿ ಮೊದಲ ಗೊಂದಲ, ಒಂದು ತಂಡದ ಬಲವನ್ನು ಕಾನ್ಫರೆನ್ಸಿನ ಬಲವೆಂದುಕೊಳ್ಳುವುದು. ಮಯಾಮಿ ಹೀಟ್ 2012, 2013ರಲ್ಲಿ ಪ್ರಶಸ್ತಿ ಗೆದ್ದಿತೆಂದು ಪೂರ್ವ ಬಲಿಷ್ಠವಾಗಿಬಿಡಲಿಲ್ಲ. ಬಲ ಎಂದರೆ ಹದಿನೈದು ತಂಡಗಳ ಸರಾಸರಿ ಮಟ್ಟ. ಎರಡನೆಯದು, ಅದನ್ನು ಕಾನ್ಫರೆನ್ಸ್ ಒಳಗಿನ ಗೆಲುವು-ಸೋಲಿನಲ್ಲಿ ಹುಡುಕುವುದು. ಒಳಗೆ ಒಬ್ಬರು ಗೆದ್ದರೆ ಇನ್ನೊಬ್ಬರು ಸೋತಿರಲೇಬೇಕು, ಮೊತ್ತ ಯಾವತ್ತೂ ಸರಿಸಮ. ಬಲ ಕಾಣಿಸುವುದು ಪೂರ್ವ-ಪಶ್ಚಿಮ ಎದುರುಬದುರಾದ ಪಂದ್ಯಗಳಲ್ಲಿ ಮಾತ್ರ.

ಅದನ್ನು ತೆಗೆಯಲು ಯಾವ ವೆಬ್‌ಸೈಟೂ ಬೇಡ. ಒಂದು ತಂಡದ 82 ಪಂದ್ಯಗಳಲ್ಲಿ 52 ಸ್ವಂತ ಕಾನ್ಫರೆನ್ಸಿನವು: ಐದು ತಂಡಗಳ ತನ್ನ ಡಿವಿಜನ್‌ನ ಉಳಿದ ನಾಲ್ವರೊಡನೆ ನಾಲ್ಕು ನಾಲ್ಕು, ಉಳಿದವರಲ್ಲಿ ಆರು ತಂಡಗಳೊಡನೆ ನಾಲ್ಕು ನಾಲ್ಕು, ಇನ್ನು ನಾಲ್ಕರೊಡನೆ ಮೂರು ಮೂರು. ಆಚೆಯ ಹದಿನೈದು ತಂಡಗಳೊಡನೆ ಎರಡೆರಡರಂತೆ 30. ಅಂದರೆ ಪ್ರತಿ ಕಾನ್ಫರೆನ್ಸಿನ ಒಳಗೆ 390 ಪಂದ್ಯ, ನಡುವೆ 450. ಪೂರ್ವದ ಹದಿನೈದೂ ತಂಡಗಳ ಗೆಲುವು ಕೂಡಿ, 390 ಕಳೆಯಿರಿ. ಉಳಿದದ್ದು ಪಶ್ಚಿಮದ ಮೇಲಿನ ಗೆಲುವು. 2013-14ರಲ್ಲಿ ಮೊತ್ತ 556, ಹಾಗಾಗಿ 166. ಮಿಕ್ಕ 284 ಪಶ್ಚಿಮದ ಪಾಲು, ಶೇ. 63. ಅಂತರ ಇಷ್ಟು ಹಿಗ್ಗುವುದು ಅಪರೂಪ. (2023-24ರಿಂದ ಕಪ್ ಟೂರ್ನಿಗಾಗಿ ಎರಡು ಪಂದ್ಯಗಳನ್ನು ತಡವಾಗಿ ನಿಗದಿಮಾಡುತ್ತಾರೆ, ಈಚಿನ ವರ್ಷಗಳಿಗೆ 52-30 ಸರಿಯಿದೆಯೇ ಎಂದು ನೋಡಿಕೊಂಡು ಕಳೆಯಿರಿ.)

‘ಪೂರ್ವದಲ್ಲಿ 60 ಗೆದ್ದರೆ ಪಶ್ಚಿಮದಲ್ಲಿ 50ಕ್ಕೆ ಸಮ’ ಎನ್ನುವವರು ದಯವಿಟ್ಟು ಇಲ್ಲಿ ನಿಂತು ಓದಿ. ಪೂರ್ವದ ತಂಡವೂ ಪಶ್ಚಿಮದವರ ವಿರುದ್ಧ 30 ಪಂದ್ಯ ಆಡಿರುತ್ತದೆ, ಪಶ್ಚಿಮದ ತಂಡವೂ ಪೂರ್ವದವರ ವಿರುದ್ಧ 30 ಆಡಿರುತ್ತದೆ. ಇಬ್ಬರ ವೇಳಾಪಟ್ಟಿಗೂ ಇರುವ ವ್ಯತ್ಯಾಸ 52ರಲ್ಲಿ 30 ಕಳೆದರೆ ಉಳಿಯುವ 22 ಪಂದ್ಯ. ಶೇ. 63ರ ಆ ವರ್ಷದಲ್ಲಿ, ಎರಡರ ನಡುಮಟ್ಟದ ತಂಡವೊಂದು ಪೂರ್ವದವರ ಮೇಲೆ ಶೇ. 56.5, ಪಶ್ಚಿಮದವರ ಮೇಲೆ ಶೇ. 43.5 ಗೆಲ್ಲುತ್ತದೆಂದು ಹಿಡಿಯಿರಿ. ಅಂತರ ಶೇ. 13. ಅದರ 22 ಪಂದ್ಯದ ಪಾಲು 2.9. ಅಂಥ ವಿಪರೀತ ವರ್ಷದಲ್ಲೂ ಕಾನ್ಫರೆನ್ಸ್ ಬದಲಾಯಿಸಿದರೆ ಸಿಗುವುದು ಮೂರು ಗೆಲುವು. ಹತ್ತಲ್ಲ.

ಹಾಗಾದರೆ ಕಾನ್ಫರೆನ್ಸ್ ಬಲ ಬರೀ ಗದ್ದಲವೇ? ಅಲ್ಲ. ಅದು ಕೆಡಿಸುವುದು ಗೆಲುವಿನ ಲೆಕ್ಕವನ್ನಲ್ಲ, ಸ್ಥಾನವನ್ನು. ಅದೇ ವರ್ಷ ಫೀನಿಕ್ಸ್ ಸನ್ಸ್ 48-34 (48 ಗೆಲುವು, 34 ಸೋಲು) ಆಡಿಯೂ ಪಶ್ಚಿಮದಲ್ಲಿ ಒಂಬತ್ತನೆಯದಾಗಿ, ಪ್ರತಿ ಕಾನ್ಫರೆನ್ಸಿನ ಎಂಟೇ ತಂಡಗಳು ಪ್ರಶಸ್ತಿಗಾಗಿ ಆಡುವ ಪ್ಲೇಆಫ್ ಕಳೆದುಕೊಂಡಿತು. ಪೂರ್ವದಲ್ಲಿ ಅಟ್ಲಾಂಟಾ ಹಾಕ್ಸ್ 38-44 ಆಡಿ ಎಂಟನೇ ಸೀಡ್ (ಎಂಟನೇ ಸ್ಥಾನಿ) ಆಗಿ ಒಳಹೊಕ್ಕಿತು. ಪೂರ್ವದಲ್ಲಿ ಆಗ 48 ಗೆಲುವಿಗೆ ಮೂರನೇ ಸ್ಥಾನ ಸಿಗುತ್ತಿತ್ತು. ಟೊರಾಂಟೊ, ಶಿಕಾಗೊ ಎರಡೂ ಅಷ್ಟೇ ಗೆದ್ದಿದ್ದವು. ಗೆಲುವು ಮೂರರಷ್ಟು ಅಲುಗಾಡುವ ಕಡೆ ಸ್ಥಾನ ಆರು ಮೆಟ್ಟಿಲು ಜಾರುತ್ತದೆ. ಹತ್ತನೇ ಸ್ಥಾನದವರೆಗೂ ಪ್ಲೇ-ಇನ್ (ಪ್ಲೇಆಫ್ ಪ್ರವೇಶಕ್ಕಾಗಿ ಆಡುವ ಪಂದ್ಯ) ಬಂದ ಮೇಲೆ ಪೆಟ್ಟು ಸ್ವಲ್ಪ ಮೆತ್ತಗಾಗಿದೆ, ತಪ್ಪಿಲ್ಲ: 2023-24ರಲ್ಲಿ 41-41ರ ಹ್ಯೂಸ್ಟನ್ ಮನೆಗೆ, 36-46ರ ಹಾಕ್ಸ್ ಪ್ಲೇ-ಇನ್‌ಗೆ. (ಮತ್ತೆ ಹಾಕ್ಸ್.)

ಎಂವಿಪಿ, ಅಂದರೆ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯ ಜಗಳಕ್ಕೆ ಬೆಂಕಿ ತಗಲುವುದು ಇಲ್ಲೇ. ಮತ ಹಾಕುವ ಪತ್ರಕರ್ತರಿಗೂ ನೋಡುಗರಿಗೂ ‘ಆರನೇ ಸೀಡ್’ ಥಟ್ಟನೆ ಕಾಣುತ್ತದೆ. ಅದನ್ನು ಸಮರ್ಥಿಸಲು ‘ಪಶ್ಚಿಮ ಕಠಿಣ’ ಎಂಬ ಮಾತು ಸದಾ ಜೇಬಿನಲ್ಲಿರುತ್ತದೆ. 2016-17ರಲ್ಲಿ ರಸೆಲ್ ವೆಸ್ಟ್‌ಬ್ರೂಕ್‌ನ ಥಂಡರ್ 47-35, ಪಶ್ಚಿಮದಲ್ಲಿ ಆರನೆಯದು. ಆ ವರ್ಷ ಪೂರ್ವದ ಗೆಲುವಿನ ಮೊತ್ತ 594. 390 ಕಳೆದರೆ 204. ಪಶ್ಚಿಮದ್ದು 246, ಶೇ. 55ರ ಆಸುಪಾಸು. 22 ಪಂದ್ಯಕ್ಕೆ ಹಾಕಿ ನೋಡಿದರೆ ಸಿಗುವ ರಿಯಾಯಿತಿ ಒಂದೇ ಒಂದು ಗೆಲುವು. ಅವನಿಗೆ ಪ್ರಶಸ್ತಿ ತಂದದ್ದು ಇಡೀ ಸೀಸನ್‌ನ ಟ್ರಿಪಲ್-ಡಬಲ್ ಸರಾಸರಿ (ಅಂಕ, ರೀಬೌಂಡ್, ಅಸಿಸ್ಟ್ ಮೂರರಲ್ಲೂ ಎರಡಂಕಿ), ಕಾನ್ಫರೆನ್ಸ್ ಅಲ್ಲ. 2021-22 ಇನ್ನೂ ಚೆನ್ನಾದ ಪಾಠ. ನಿಕೊಲಾ ಯೋಕಿಚ್‌ನ ಡೆನ್ವರ್ 48-34, ಮತ್ತೆ ಪಶ್ಚಿಮದ ಆರನೆಯದು. ಜೋಯೆಲ್ ಎಂಬೀಡ್‌ನ ಫಿಲಡೆಲ್ಫಿಯಾ ಪೂರ್ವದಲ್ಲಿ 51-31. ‘ಪಶ್ಚಿಮದ 48 ಅಂದರೆ ಪೂರ್ವದ 51’ ಎಂದು ವಾದಿಸುವ ಮುನ್ನ ಕೂಡಿ ಕಳೆಯಿರಿ: 616ರಲ್ಲಿ 390 ಹೋದರೆ 226. ಪೂರ್ವವೇ 226-224ರಿಂದ ಮುಂದಿತ್ತು! ಯೋಕಿಚ್ ಪರ ಹೇಳಲು ಬೇಕಾದಷ್ಟಿತ್ತು. ಜೊತೆಗಾರರಲ್ಲಿ ಜಮಾಲ್ ಮರ್ರೆ ಇಡೀ ಸೀಸನ್ ಹೊರಗೆ, ಮೈಕಲ್ ಪೋರ್ಟರ್ ಜೂನಿಯರ್ ಆಡಿದ್ದು ಒಂಬತ್ತೇ ಪಂದ್ಯ. ಇದನ್ನು ಹೇಳುವುದು ಬಿಟ್ಟು ಇಲ್ಲದ ಕಾನ್ಫರೆನ್ಸ್ ಬಲವನ್ನು ಎಳೆದು ತಂದರೆ ಗಟ್ಟಿ ವಾದವೂ ಪೊಳ್ಳಾಗುತ್ತದೆ.

ಅಂಕಿಅಂಶ ಬಲ್ಲವರೇ ಮಾಡುವ ತಪ್ಪೊಂದಿದೆ, ಎರಡು ಸಲ ಕಡಿತ. ಎಸ್‌ಆರ್‌ಎಸ್ ಎಂಬ ಅಂಕೆಯಲ್ಲಿ ತಂಡದ ಸರಾಸರಿ ಅಂಕಗಳ ಅಂತರಕ್ಕೆ ಎದುರಾಳಿಗಳ ಮಟ್ಟವನ್ನು ಆಗಲೇ ಕೂಡಿಸಿರುತ್ತಾರೆ. ಅದನ್ನು ಮುಂದಿಟ್ಟು, ‘ಪೂರ್ವದ ತಂಡ, ಇನ್ನೊಂದಿಷ್ಟು ಇಳಿಸಿ’ ಎನ್ನುವುದು ಬಿಲ್ಲಿಗೆ ಎರಡು ಸಲ ತೆರಿಗೆ ಹಾಕಿದ ಹಾಗೆ. ಎಸ್‌ಆರ್‌ಎಸ್‌ಗೆ ಗೊತ್ತಿಲ್ಲದ್ದು ಪ್ರಯಾಣ ಮತ್ತು ಬೆನ್ನುಬೆನ್ನಿಗೆ ಆಡಿದ ರಾತ್ರಿಗಳು. ಪಶ್ಚಿಮದ ಊರುಗಳು ದೂರದೂರ. ಆ ಬಗ್ಗೆ ಮಾತಾಡುವುದಾದರೆ ಅದನ್ನು ಪ್ರಯಾಣ ಎಂದೇ ಕರೆಯಿರಿ, ಬಲ ಎನ್ನಬೇಡಿ.

ಇನ್ನೊಂದು, 30 ಪಂದ್ಯವನ್ನು ಶಾಸನ ಮಾಡಿಕೊಳ್ಳುವುದು. 2024-25ರಲ್ಲಿ ಥಂಡರ್ ಪೂರ್ವದವರ ವಿರುದ್ಧ 29-1, ಪಶ್ಚಿಮದವರ ವಿರುದ್ಧ 39-13. ಎರಡೂ ಪ್ರಮಾಣಗಳನ್ನು ಅದಲುಬದಲು ಮಾಡಿ ಅದನ್ನು ಪೂರ್ವದಲ್ಲಿ ಕೂರಿಸಿದರೆ 52 ಪಂದ್ಯಕ್ಕೆ 50, 30ಕ್ಕೆ 22 ಅಥವಾ 23, ಒಟ್ಟು 73ರ ಹತ್ತಿರ. ವಾರಿಯರ್ಸ್‌ನ 73-9ರ ದಾಖಲೆಗೆ ಸಮ ಎಂದು ಕುಣಿಯಬಹುದು, ಶೈ ಗಿಲ್ಜಿಯಸ್-ಅಲೆಕ್ಸಾಂಡರ್‌ನ ಎಂವಿಪಿಗೆ ಇದೂ ಒಂದು ಸಾಕ್ಷಿ ಎನ್ನಬಹುದು. ಆದರೆ ಅದೇ ಜೂನ್‌ನಲ್ಲಿ ಪೂರ್ವದಿಂದ ಬಂದ 50-32ರ ಇಂಡಿಯಾನಾ ಪೇಸರ್ಸ್ ಅದೇ ಥಂಡರ್ ತಂಡವನ್ನು ಫೈನಲ್ಸ್‌ನ ಏಳನೇ ಪಂದ್ಯದವರೆಗೂ ಎಳೆದಾಡಿತು.