ಕಪ್ಪು ನೂಲಿನ ಮೇಲೆ ಬಂದ ದೂರು

1824ರಲ್ಲಿ ಪ್ಯಾರಿಸ್ಸಿನ ಗೋಬೆಲಾಂ ಕಾರ್ಖಾನೆಯ ಬಣ್ಣಗಾರಿಕೆಗೆ ಹೊಸ ಮುಖ್ಯಸ್ಥ ಬಂದರು: ರಸಾಯನ ವಿಜ್ಞಾನಿ ಮಿಶೆಲ್ ಶೆವ್ರೆಲ್. ಅರಮನೆಯ ಗೋಡೆಗಳಿಗೆ ಟೇಪೆಸ್ಟ್ರಿ, ಅಂದರೆ ನೂಲಿನಲ್ಲೇ ಚಿತ್ರ ಮೂಡಿಸಿದ ತೆರೆ, ನೇಯುತ್ತಿದ್ದ ಆ ಕಾರ್ಖಾನೆಯ ಮೇಲೆ ಒಂದು ದೂರಿತ್ತು. ಚಿತ್ರದಲ್ಲಿನ ನೀಲಿ, ನೇರಳೆ ಉಡುಪುಗಳ ನೆರಿಗೆಗೆ ಹಾಕುವ ಕಪ್ಪು ನೂಲಿಗೆ ಕಳೆಯೇ ಇಲ್ಲ ಎಂದು. ಶೆವ್ರೆಲ್ ಬೇರೆಡೆ ಅದ್ದಿದ ಕಪ್ಪು ಉಣ್ಣೆ ತರಿಸಿ ಪಕ್ಕದಲ್ಲಿಟ್ಟು ನೋಡಿದರು. ಗೋಬೆಲಾಂನ ಕಪ್ಪು ಏನೂ ಕಡಿಮೆಯಿರಲಿಲ್ಲ. ಕಿತಾಪತಿ ಮಗ್ಗುಲಿನ ನೀಲಿಯದು: ನೀಲಿಯ ಪಕ್ಕ ಕೂತ ಕಪ್ಪಿಗೆ ನಮ್ಮ ಕಣ್ಣೇ ತುಸು ಕಿತ್ತಳೆ ಛಾಯೆ ಹಚ್ಚಿ ಅದನ್ನು ಮಂಕಾಗಿಸುತ್ತದೆ. ಈ 'ಏಕಕಾಲಿಕ ವೈದೃಶ್ಯ'ದ ನಿಯಮವನ್ನು ಅವರು 1839ರಲ್ಲಿ ಗ್ರಂಥವಾಗಿ ಪ್ರಕಟಿಸಿದರು.

ಇದು ಟೇಪೆಸ್ಟ್ರಿಯ ಅಂಗಳದಲ್ಲೇ ಸಿಕ್ಕಿದ್ದು ಆಕಸ್ಮಿಕವಲ್ಲ. ಇಲ್ಲಿ ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳು ಪೂರ್ತಿ ಮುಚ್ಚಿಹೋಗುತ್ತವೆ. ಅಡ್ಡ ಹಾಯುವ ಹೊಕ್ಕಿನ ಎಳೆ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗದೆ ತನ್ನ ಬಣ್ಣದ ಪಾಲಷ್ಟೇ ನೇಯ್ದು ಹಿಂತಿರುಗುತ್ತದೆ. ನವಲಗುಂದದ ಜಮಖಾನ ಕಂಡವರಿಗೆ ಈ ಕ್ರಮ ಹೊಸದಲ್ಲ. ಬಟ್ಟೆಯ ಮೇಲೆ ಚಿತ್ರ ಬರೆಯುವುದಲ್ಲ, ಚಿತ್ರವೇ ಬಟ್ಟೆ. ಹಾಗಾಗಿ ಕಣ್ಣಿಗೆ ಬೀಳುವುದು ಒತ್ತೊತ್ತಾಗಿ ಕೂತ ಬಣ್ಣಗಳು ಮಾತ್ರ.

ಹದಿನೆಂಟನೆಯ ಶತಮಾನದ ಗೋಬೆಲಾಂ ಈ ಗುಣವನ್ನೇ ಮರೆತಿತ್ತು. ತೈಲಚಿತ್ರದ ಕುಂಚದ ಗೀಟುಗಳನ್ನೂ ನೂಲಿನಲ್ಲಿ ನಕಲು ಮಾಡಬೇಕೆಂಬ ಹಟಕ್ಕೆ ನೇಕಾರರು ಬಿದ್ದು, ನವಿರು ಛಾಯೆಗಳ ಸಂಖ್ಯೆ ಬೆಳೆಯುತ್ತಲೇ ಹೋಯಿತು. ಬೆಳಕಿಗೆ ಮೊದಲು ಮಾಸುವುದು ಅವೇ. ನಕಲಿಗಾಗಿ ಇಷ್ಟು ಪಾಡು ಪಡುವುದು ನನಗಂತೂ ಹುಚ್ಚೆನಿಸುತ್ತದೆ.

ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಮಾರಿಸ್‌ಗೂ ಹಾಗೇ ಅನಿಸಿತ್ತು. ಲಂಡನ್ನಿನ ಹ್ಯಾಮರ್‌ಸ್ಮಿತ್‌ನ ತಮ್ಮ ಮನೆಯ ಮಲಗುವ ಕೋಣೆಯಲ್ಲೇ ನಿಲುವು ಮಗ್ಗ ಹೂಡಿ, 1879ರಲ್ಲಿ 516 ಗಂಟೆ ಕೂತು ಎಲೆ–ಬಳ್ಳಿಗಳ ಮೊದಲ ಟೇಪೆಸ್ಟ್ರಿ ಮುಗಿಸಿದರು. ಇಂಥ ಮಗ್ಗದಲ್ಲಿ ನೇಕಾರ ಕೂರುವುದು ನೇಯ್ಗೆಯ ಹಿಂಬದಿಗೆ. ಮುಂದೆ ಕನ್ನಡಿ ನಿಲ್ಲಿಸಿ, ಹಾಸಿನ ಸಂದಿಯಿಂದ ಇಣುಕಿದರಷ್ಟೇ ಚಿತ್ರದ ಮುಖ ಕಾಣುತ್ತದೆ. ರಾಸಾಯನಿಕ ಬಣ್ಣಗಳನ್ನು ಕಂಡರಾಗದ ಮಾರಿಸ್, ಲೀಕ್ ಊರಿನ ಬಣ್ಣಗಾರ ಥಾಮಸ್ ವಾರ್ಡಲ್ ಜತೆ ನೀಲಿಯ ತೊಟ್ಟಿಯಲ್ಲಿ ಕೈ ಅದ್ದಿ ಹಳೆಯ ಸಸ್ಯಬಣ್ಣಗಳನ್ನು ಕಲಿತಿದ್ದರು. 1881ರಿಂದ ಮರ್ಟನ್ ಅಬೆಯಲ್ಲಿ ಅವರ ಕಾರ್ಖಾನೆ. ದುಡಿಯುವವರ ಮನೆಗೂ ಸೊಬಗು ಬರಲೆಂದು ಭಾಷಣ ಮಾಡಿದ ಈ ಸಮಾಜವಾದಿಯ, ಕ್ರಿಸ್ತನ ಪವಿತ್ರ ಪಾತ್ರೆ ಅರಸುವ ಕಥೆಯ 'ಹೋಲಿ ಗ್ರೇಲ್' ಟೇಪೆಸ್ಟ್ರಿಗಳು ಹೋಗಿ ಸೇರಿದ್ದು ಆಸ್ಟ್ರೇಲಿಯಾದ ಚಿನ್ನದ ಗಣಿಯಿಂದ ಸಿರಿವಂತನಾದವನೊಬ್ಬನ ಬಂಗಲೆಗೆ!

ವೆಚ್ಚದ ಗಂಟನ್ನು ಕೊಂಚವಾದರೂ ಸಡಿಲಿಸಿದವರು ಫ್ರಾನ್ಸಿನ ಕಲಾವಿದ ಜಾನ್ ಲೂರ್ಸಾ. ಕೆಲವೇ ಬಣ್ಣಗಳಲ್ಲಿ ಕಳೆಕಟ್ಟಿದ, ಹದಿನಾಲ್ಕನೆಯ ಶತಮಾನದ ಆಂಜೆ ಊರಿನ ಟೇಪೆಸ್ಟ್ರಿ ಅವರಿಗೆ ದಾರಿ ತೋರಿತ್ತು. 1939ರಲ್ಲಿ ಅವರು ಫ್ರಾನ್ಸಿನದೇ ಓಬ್ಯುಸೋನ್ ಊರಿನ ನೇಕಾರರ ಬಳಿ ಹೋದರು. ದಪ್ಪ ನೂಲು, ಹತ್ತಾರು ಬಣ್ಣ, ನಕ್ಷೆಯ ಪ್ರತಿ ತುಣುಕಿನ ಮೇಲೂ ನೂಲಿನ ಸಂಖ್ಯೆ. ಛಾಯೆಯಿಂದ ಛಾಯೆಗೆ ದಾಟುವಲ್ಲಿ ಎರಡು ಬಣ್ಣಗಳನ್ನು ಬಾಚಣಿಗೆಯ ಹಲ್ಲಿನಂತೆ ಹೆಣೆದರೆ ಸಾಕು, ಮಿಕ್ಕಿದ್ದನ್ನು ನೋಡುವವರ ಕಣ್ಣೇ ಬೆರೆಸಿಕೊಳ್ಳುತ್ತದೆ.